ಕಾಕಾ ಮತ್ತು ಕಿವಿರಿನ ಹುಳು

ಸತ್ತ ಮೀನಿನ ಪರವಾಗಿ ಬದುಕಿರುವವರನ್ನೆಲ್ಲ ಬೈಯುವ ಮನುಷ್ಯನನ್ನು ನೀವು ನೋಡಿದ್ದೀರಾ? ನಮ್ಮ ಕಾಕಾ ಹಾಗಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಅವರು ಔರಂಗಾಬಾದಿನ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದ, ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಅವರ ಹೆಂಡತಿ, ನಮ್ಮ ಕಾಕು, ನಾಶಿಕದ ಬ್ಯಾಂಕಿನಲ್ಲಿದ್ದರು. ಓದಲೆಂದು ನಾನು ಕಾಕು ಜೊತೆಗಿದ್ದೆ. ಶನಿವಾರ ಕಾಕಾ ಬರುವಾಗ ಅವರಿಗಿಂತ ಮೊದಲು ಅವರ ಸಿಟ್ಟು ಮೆಟ್ಟಿಲು ಹತ್ತುತ್ತಿತ್ತು!

ಆ ವರ್ಷ ಕಾಕು ಸಾಕಿದ ಬಂಗಾರದ ಮೀನುಗಳು ಒಂದೊಂದಾಗಿ ಸತ್ತವು. ಕಿವಿರಿನಲ್ಲಿ ಹುಳು. ಉಳಿದದ್ದು ಒಂದೇ ಮೀನು. ಕಾಕಾ ನನ್ನನ್ನೂ ಎಳೆದುಕೊಂಡು ಆ ಮೀನುಗಳನ್ನು ಕೊಂಡಿದ್ದ ಅಂಗಡಿಗೆ ನುಗ್ಗಿದರು. ಮರಾಠಿಯಲ್ಲಿ ಬೈದದ್ದು ಸಾಲದೆ ಕನ್ನಡದಲ್ಲೂ ಬೈದರು: "ಮೀನ ಮಾರ್ತಿಯೋ, ಹುಳಾ ಮಾರ್ತಿಯೋ?" ಅಂಗಡಿಯವನು ಎರಡಕ್ಕೂ "ಹೋ ಸರ್", ಹೌದು ಸರ್, ಎಂದ. ನಿಜಕ್ಕೂ ಎಂದನೇ? ನಗು ಬರುವ ಕಡೆ ನನ್ನ ನೆನಪನ್ನು ನಾನು ನಂಬುವುದಿಲ್ಲ.

ಯಾವ ಹುಳು ಎಂದು ತಿಳಿಯದೆ ಔಷಧಿ ಹಾಕಕೂಡದೆಂಬುದು ಕಾಕಾ ಅವರ ಹಟ. ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಒಂದೇ ಥರ, ಡಿಎನ್‌ಎಯೇ ಗತಿ. ಮನೆಯದು, ಅಂಗಡಿಯದು, ಹೋಲಿಕೆಗೆ ಇರಲೆಂದು ತಮ್ಮ ಕಾಲೇಜಿನ ತೊಟ್ಟಿಯದು, ಮೂರೂ ಕಡೆಯ ಹುಳುಗಳನ್ನು ಪುಣೆಯ ಪ್ರಯೋಗಾಲಯದಲ್ಲಿದ್ದ ಗೆಳೆಯನಿಗೆ ಕಳಿಸಿದರು. ಹಳೆಯ ಮಾಸ್ತರರ ಚಾಳಿಯಂತೆ, ಸತ್ತ ಪ್ರಾಣಿ ಕೊಳೆಯದಂತಿಡುವ ಫಾರ್ಮಲಿನ್‌ನಲ್ಲಿ ಅದ್ದಿ!

"ಅದರಾಗ ಹಾಕಿದ್ರ ಡಿಎನ್‌ಎ ಹಾಳಾಗ್ತದೋ! ಸ್ಪಿರಿಟ್‌ನಾಗ ಹಾಕಿ ಕಳಸು!" ಗೆಳೆಯ ಫೋನಿನಲ್ಲಿ ಅರಚಿದರು. ಕಾಕಾ ಫೋನನ್ನೇ ಬೈದು ಕುಕ್ಕಿದರು.

ಮುಂದಿನ ಶನಿವಾರ ನಮ್ಮ ಲಿಂಗಾಯತ ಮನೆಯ ಫ್ರಿಜ್ಜಿನಲ್ಲಿ, ಮೊಸರಿನ ಪಕ್ಕ, ಸ್ಪಿರಿಟ್ಟಿನಲ್ಲಿ ಮುಳುಗಿದ ಕಿವಿರು!

"ಮೀನಾ ತಂದ್ರಿ, ಸೆರೆ ತಂದ್ರಿ. ಇಸ್ಪೀಟ್ ಒಂದ ಬಾಕಿ ಅದ ನೋಡ್ರಿ," ಕಾಕು ಸಿಡುಕಿದರು.

"ಕುಡಿಯೋ ಸೆರೆ ಅಲ್ಲ ಇದು, ವಿಜ್ಞಾನ!"

"ಮೊಸರಿನ ಬಾಜೂಕ ಎಂಥಾ ವಿಜ್ಞಾನ? ನನ್ನ ಮೀನ ಉಳೀಬೇಕ್ರಿ, ಅಷ್ಟ."

ಕೊನೆಗೆ ಪುಣೆಯಿಂದ ಫೋನು ಬಂತು. ಅಂಗಡಿಯ ಹುಳು ಬೇರೆ ಜಾತಿ. ಮನೆಯ ಹುಳುವಿಗೆ ತಾಳೆಯಾದದ್ದು ಕಾಲೇಜಿನದು. ವಾರವಾರ ಕಾಲೇಜಿನ ಒದ್ದೆ ಬಲೆಯನ್ನು ಚೀಲದಲ್ಲಿ ತಂದು, ಬೇರೆಯವರ ಕೈ ಹೊಲಸೆಂದು ಬೈದು, ಕಾಕು ಅವರ ತೊಟ್ಟಿಯನ್ನು ತಾವೇ ತೊಳೆಯುತ್ತಿದ್ದವರು ಯಾರು?

ನನಗೆ ಮೈಯೆಲ್ಲ ಉರಿಯಿತು. ಆ ಅಂಗಡಿಯಲ್ಲಿ ನಾನೂ ತಲೆ ತಗ್ಗಿಸಿ ನಿಂತಿದ್ದೆನಲ್ಲ! ಕಾಕಾ ಹೋಗಿ ಕ್ಷಮೆ ಕೇಳಿದರಂತೆ. ಅದನ್ನೂ ಬೈಯುವ ದನಿಯಲ್ಲೇ.

ಸರಿಯಾದ ಔಷಧಿಯೇನೋ ತಂದು ಕಾಕು ಕೈಗೆ ಕೊಟ್ಟರು. ಆದರೆ ತೊಟ್ಟಿಯ ಹತ್ತಿರ ಬರಲಿಲ್ಲ. ಕೈ ಹಿಂದೆ ಕಟ್ಟಿ ಬಾಗಿಲಲ್ಲೇ ನಿಂತು, ನಾನೆಂದೂ ಕೇಳದ ಮೆತ್ತನೆಯ ದನಿಯಲ್ಲಿ, "ಮೀನ ಉಂಡದೇನ?" ಎಂದರು.

"ನೀವ ಬಂದು ಕಾಳ ಹಾಕ್ರಿ."

"ನನ್ನ ಕೈ ಬ್ಯಾಡ."

ಕಾಕು ಅವರನ್ನು ತೊಟ್ಟಿಯವರೆಗೆ ಎಳೆದು ತಂದರು, ಅಂಗೈ ಬಿಡಿಸಿ ಕಾಳು ಸುರಿದರು. ಮೀನು ಮೇಲೆ ಬರುವವರೆಗೂ ಆ ಕೈ ಬಿಡಲಿಲ್ಲ.