ಟಕ್ ಅಂದರೆ ಗಟ್ಟಿ, ದೊಬ್ ಅಂದರೆ ಬಿರುಕು

ಇಂಗಾಲ ಎಂಬ ಧಾತು ಇರಬೇಕಾದ ಜಾಗ ಮೂರೇ ಎಂದು ಮೀನಾ ನಂಬಿದ್ದಳು: ಒಲೆಯ ಕೆಂಡ, ಮಗಳ ಪೆನ್ಸಿಲ್ಲು ಮತ್ತು ಒಂಬತ್ತನೇ ತರಗತಿಯ ವಿಜ್ಞಾನದ ಪುಸ್ತಕ. ಅದರ ಮೇಲೆ ಕೂತು ಬೆಟ್ಟ ಹತ್ತುತ್ತೇನೆಂದು ಕಟ್ಟಿಕೊಂಡ ಗಂಡನೇ ಹೊರಡುವ ಕಾಲ ಬರುತ್ತದೆಂದು ಮೈಸೂರಿನ ಅಷ್ಟು ದೊಡ್ಡ ಕಾನ್ವೆಂಟಿನಲ್ಲಿ ಯಾವ ಟೀಚರೂ ಅವಳಿಗೆ ಮುನ್ನೆಚ್ಚರಿಕೆ ಕೊಟ್ಟಿರಲಿಲ್ಲ.

ಗಂಡ ಬಸವೇಶ ಹನೂರಿನ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ವಾರದಲ್ಲಿ ಆರು ದಿನ ಸಭ್ಯ ಮನುಷ್ಯ. ಭಾನುವಾರ ಬೆಳಕು ಹರಿಯಿತೆಂದರೆ ಮೈಗಂಟುವ ಚಡ್ಡಿ ತೊಟ್ಟು, ಅಣಬೆಯಂಥ ಹೆಲ್ಮೆಟ್ಟು ಧರಿಸಿ, ಕೊಳ್ಳೇಗಾಲದ ಮನೆಯಿಂದ ಸೈಕಲ್ ಏರಿ ಹೊರಡುವನು. ಅರವತ್ತೆಪ್ಪತ್ತು ಕಿಲೋಮೀಟರ್ ತುಳಿದು, ಹೋದ ಊರಿಂದ ಏನನ್ನೂ ತರದೆ ವಾಪಸಾಗುವನು. (ಒಂದು ಕಟ್ಟು ಸೊಪ್ಪನ್ನೂ ತರುವುದಿಲ್ಲ. ಸೈಕಲ್ಲಿಗೆ ಕ್ಯಾರಿಯರ್ ಇಲ್ಲವಂತೆ!) ಇಷ್ಟು ದಿನ ಇದ್ದದ್ದು ಅಲ್ಯೂಮಿನಿಯಂ ಸೈಕಲ್ಲು. ಈಗ ಅವನಿಗೆ ಕಾರ್ಬನ್ ರೋಡ್ ಬೈಕ್ ಬೇಕು. ಅದೂ ಸೆಕೆಂಡ್ ಹ್ಯಾಂಡು.

"ಎಂಟೇ ಎಂಟು ಕೆಜಿ ಕಣೇ ಮೀನಾ. ಒಂದು ಬೆರಳಲ್ಲಿ ಎತ್ತಬಹುದು."

"ಒಂದು ಬೆರಳಲ್ಲಿ ಎತ್ತೋ ವಸ್ತು ಮೇಲೆ ಎಪ್ಪತ್ತೆಂಟು ಕೆಜಿ ಇಡ್ತೀರಾ? ನಿಮ್ಮನ್ನ ಗಣಿತದ ಮೇಷ್ಟ್ರು ಅಂತ ತಗೊಂಡೋರು ಯಾರು?"

ಮೀನಾಳದ್ದು ಸುಮ್ಮನೆ ಹಟವಲ್ಲ, ಭಯ. ಗ್ಯಾಸ್ ಆಫ್ ಮಾಡಿದ್ದನ್ನು ನಾಲ್ಕು ಸಲ ನೋಡುವ, ಮೂರು ವರ್ಷದ ಮಗಳು ಧನುಶ್ರೀಗೆ ದ್ರಾಕ್ಷಿಯನ್ನೂ ನಾಲ್ಕು ಹೋಳು ಮಾಡಿ ಕೊಡುವ ಜೀವ ಅದು. ಅಂಥವಳು ಒಂದು ವಾರ ಕೂತು ಕಾರ್ಬನ್ ಸೈಕಲ್ಲಿನ ವಿಡಿಯೋಗಳನ್ನೆಲ್ಲ ನೋಡಿಬಿಟ್ಟಳು. ಕಬ್ಬಿಣವಾದರೆ ಬಾಗುತ್ತದೆ, ಅಲ್ಯೂಮಿನಿಯಂ ನೆಗ್ಗುತ್ತದೆ. ಕಾರ್ಬನ್ ಮಾತ್ರ ಒಳಗೊಳಗೇ ಬಿರುಕುಬಿಟ್ಟು, ಮೇಲೆ ನಗುನಗುತ್ತಾ ಇದ್ದು, ಯಾವುದೋ ಬೆಟ್ಟದ ತಿರುವಿನಲ್ಲಿ ಹಪ್ಪಳದ ಹಾಗೆ ಪುಡಿಯಾಗುತ್ತದಂತೆ. ಅಂದಿನಿಂದ ಅವಳಿಗೆ ಹಪ್ಪಳ ಕರಿಯುವಾಗಲೂ ಗಂಡನ ಮುಖವೇ ಕಣ್ಮುಂದೆ ಬರುತ್ತಿತ್ತು.

ಅದೃಷ್ಟಕ್ಕೆ ಒಂದು ವಿಡಿಯೋದಲ್ಲಿ ಪರಿಹಾರವೂ ಸಿಕ್ಕಿತು. ನಾಣ್ಯದಿಂದ ಸೈಕಲ್ಲಿನ ಕೊಳವೆಗಳನ್ನು ಮೆಲ್ಲಗೆ ತಟ್ಟಬೇಕು. ಟಕ್ ಅಂದರೆ ಗಟ್ಟಿ, ದೊಬ್ ಅಂದರೆ ಒಳಗೆ ಬಿರುಕು. ಮೀನಾ ಷರತ್ತು ಹಾಕಿದಳು: "ತಟ್ಟಿ ನೋಡೋಳು ನಾನು. ಒಂದೇ ಒಂದು ಕಡೆ ದೊಬ್ ಅಂದ್ರೂ ವ್ಯಾಪಾರ ರದ್ದು." ಒಂದಾದರೂ ದೊಬ್ ಸಿಗಲಿ ಎಂದು ಮನಸ್ಸಿನಲ್ಲೇ ಮಾದಪ್ಪನಿಗೆ ಹರಕೆಯನ್ನೂ ಹೊತ್ತಳು.

ಸೈಕಲ್ಲು ಸಿಕ್ಕಿದ್ದು ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಲ್ಲಿ. ಭಾನುವಾರ ಗಂಡ ಹೆಂಡತಿ ಮಗು ಹೊರಟು ನಿಂತಾಗ ಅತ್ತೆ ಚನ್ನಮಲ್ಲಮ್ಮನೂ ಎಲೆ ಅಡಿಕೆ ಚೀಲ ಹಿಡಿದು ಎದ್ದರು.

"ನೀವ್ಯಾಕತ್ತೆ? ಸೈಕಲ್ ನೋಡೋಕೆ ಹೋಗ್ತಿರೋದು."

"ಎಂಗುಸ್ರುಗ ಬಸ್ಸು ಪುಕ್ಸಟ್ಟೆ ಅಲ್ವವ್ವಾ? ಏನಾರ ನೋಡ್ಕ ಬರದು. ಸೈಕಲ್ಲಾದ್ರೇನು, ಎಮ್ಮಯಾದ್ರೇನು?"

ಮಾಂಬಳ್ಳಿಯ ರಂಗರಾಜು ತನ್ನ ಸೈಕಲ್ಲನ್ನು ತೊಳೆದು ಒರೆಸಿ, ಪಡಸಾಲೆಯಲ್ಲಿ ಚಾಪೆ ಹಾಸಿ ನಿಲ್ಲಿಸಿದ್ದ. ಕರಿ ಬಣ್ಣ, ಕೆಂಪು ಗೆರೆ. ಬಸವೇಶ ಅದನ್ನು ಕಂಡವನೇ ಚಪ್ಪಲಿ ಬಿಡುವುದನ್ನು ಮರೆತ, ಕೊಟ್ಟ ಕಾಫಿ ಕುಡಿಯುವುದನ್ನು ಮರೆತ, ಮಗಳ ಕೈ ಹಿಡಿದಿದ್ದೇನೆಂಬುದನ್ನೂ ಮರೆತ.

"ಒಂದ್ ಮಳಗೂ ನೆನೆಸಿಲ್ಲ ಸಾ. ಎತ್ತಿ ನೋಡಿ," ಎಂದ ರಂಗರಾಜು.

"ಇಷ್ಟು ಚೆನ್ನಾಗಿದ್ರೆ ಮಾರೋದ್ಯಾಕೆ?" ಮೀನಾ ಪೊಲೀಸರ ಹಾಗೆ ಕೇಳಿದಳು.

ಅವನ ಮುಖ ಸಣ್ಣಗಾಯಿತು. "ಮದ್ವ ಗೊತ್ತು ಮಾಡವ್ರ ಮೇಡಂ. ಆ ಚಡ್ಡಿ ಇಕ್ಕಂಡ್ ಊರ್ ತುಂಬ ತಿರುಗೋನ್ಗ ಎಣ್ಣ್ ಕೊಡಲ್ಲ ಅಂದ್ಬುಟ್ರು ಎಣ್ಣಿನಪ್ಪ."

ಮೀನಾಳಿಗೆ ಆ ಕಾಣದ ಮಾವನ ಮೇಲೆ ಅಪಾರ ಗೌರವ ಹುಟ್ಟಿತು. ಸೆರಗು ಸಿಕ್ಕಿಸಿ ಪರೀಕ್ಷೆಗೆ ಇಳಿದಳು. "ಒಂದು ನಾಣ್ಯ ಕೊಡಿ."

ಅಲ್ಲೇ ತೊಡಕು ಬಂದದ್ದು. ಬಸವೇಶ ಜೇಬು ತಡಕಿದ, ಫೋನು ಬಂತು. ರಂಗರಾಜು ತಡಕಿದ, ಅವನದ್ದೂ ಫೋನೇ. ಎದುರಿನ ಅಂಗಡಿಗೆ ಕೂಗಿದರೆ, "ಚಿಲ್ರ ಎಲ್ಲದ್ ಸಾ? ಎಲ್ರೂ ಸ್ಕ್ಯಾನ್ ಮಾಡದು ಈಗ," ಎಂದು ಉತ್ತರ ಬಂತು. ಮಾಂಬಳ್ಳಿಯಂಥ ದೊಡ್ಡ ಊರಿನ ಆ ಇಡೀ ಬೀದಿಯಲ್ಲಿ ಒಂದು ರೂಪಾಯಿಯ ಒಂದು ಬಿಲ್ಲೆ ಇಲ್ಲ! ಅದರ ಬದಲಿಗೆ ಜನ ಬಂದರು. ಕಾಸು ಯಾಕೆ ಬೇಕಂತೆ ಎಂದು ವಿಚಾರಿಸಲು ಬಂದವರು ವಿಷಯ ತಿಳಿದು ಪರೀಕ್ಷಕರಾಗಿಬಿಟ್ಟರು.

ಮೊದಲು ಮುಂದೆ ಬಂದವನು ತೆಂಗಿನಕಾಯಿ ವ್ಯಾಪಾರದ ನಿಂಗಯ್ಯ. "ಬಡ್ದು ನೋಡಕ ಕಾಸ್ಯಾಕವ್ವ? ನಲ್ವತ್ತೊರ್ಸದಿಂದ ಬೆಳ್ಳಲ್ಲೇ ನೋಡ್ತಿಲ್ವ ನಾನು?" ಎಂದು ಸೈಕಲ್ಲಿನ ಕೊಳವೆಗೆ ಬೆರಳಿಂದ ಮೀಟಿ, ಕಿವಿಯಿಟ್ಟು, ಕಣ್ಣು ಮುಚ್ಚಿದ. ಬೀದಿ ಉಸಿರು ಬಿಗಿಹಿಡಿಯಿತು. "ಕಾಯಿ ಬಲ್ತದ. ಆದ್ರ ನೀರ್ ಕಮ್ಮಿ."

"ನೀರೇ ಇರಲ್ಲ ಕಣ್ ಮಾವ ಅದ್ರೊಳಗ!" ರಂಗರಾಜು ಅಂಗಲಾಚಿದ.

"ಅದ್ನೇ ನಾನೂ ಏಳ್ತಿರದು. ಕೊಬ್ಬರಿಗ ಆಯ್ತದ, ಚಟ್ಣಿಗಾಗಲ್ಲ."

ಎರಡನೆಯವನು ತಮಟೆಯಲ್ಲಿ ಜಿಲ್ಲಾಮಟ್ಟದ ಬಹುಮಾನ ಪಡೆದ ಮಾದು. ನಾದದ ವಿಷಯದಲ್ಲಿ ಅವನ ಮಾತಿಗೆ ಊರಲ್ಲಿ ಎದುರಿಲ್ಲ. ಅವನು ಹತ್ತೂ ಬೆರಳಲ್ಲಿ ಕೊಳವೆಯ ಉದ್ದಕ್ಕೂ ಒಂದು ಸುತ್ತು ನುಡಿಸಿದ. ಧನುಶ್ರೀ ಕುಣಿಯಲು ಶುರುಮಾಡಿದಳು. ಮಾದು ಮಾತ್ರ ತಲೆಯಾಡಿಸಿದ. "ಸುತಿ ಇಳ್ದೋಗದ ಸಾ. ಒಂದಿಡಿ ಒಣಗಿದ್ ಉಲ್ಲ್ ತನ್ನಿ, ಬೆಂಕೀಲಿ ಅಂಗೇ ಒಂಚೂರು ಕಾಯ್ಸ್ ಕೊಡ್ತಿನಿ. ನೋಡಿ ಆಮೇಲ, ಕಂಚ್ ಕಂಚಾಗ್ ನುಡೀತದ."

"ಬೆಂಕಿನಾ!" ರಂಗರಾಜು ಸೈಕಲ್ಲನ್ನು ತಬ್ಬಿಕೊಂಡ.

"ಮೀನಾ, ಸಾಕು ಬಾ," ಬಸವೇಶ ಹಲ್ಲು ಕಚ್ಚಿ ಪಿಸುಗುಟ್ಟಿದ.

"ಸಾಕು ಅಂತ ಆ ಬೆಟ್ಟದ ತಿರುವಲ್ಲಿ ಹೇಳಿ, ಕೇಳುತ್ತಾ ನೋಡೋಣ ನಿಮ್ಮ ಕಾರ್ಬನ್ನು!"

ಸೊಸೆಯ ಪರದಾಟ ನೋಡಲಾರದೆ ಚನ್ನಮಲ್ಲಮ್ಮ ಚೀಲಕ್ಕೆ ಕೈಹಾಕಿದರು. ಹೊರಬಂದದ್ದು ಅವರು ಎಲೆ ಅಡಿಕೆ ಕುಟ್ಟಿಕೊಳ್ಳುವ ಕಬ್ಬಿಣದ ಕುಟ್ಟಾಣಿ. ಗೇಣುದ್ದ, ಆದರೆ ಮೂರು ತಲೆಮಾರಿನ ಅಡಿಕೆಗೆ ಮುಕ್ತಿ ಕೊಟ್ಟ ಘನ ವಸ್ತು. "ಇದ್ರಲ್ಲಿ ತಟ್ಟವ್ವ, ಮೆಲ್ಲುಕ."

ಮೀನಾ ಮೆಲ್ಲಗೇ ತಟ್ಟಿದಳು. ಟಕ್. ಮುಂದೆ, ಟಕ್. ಕೆಳಗೆ, ಟಕ್ ಟಕ್. ಬಸವೇಶನ ಮುಖ ಅರಳುತ್ತಾ ಬಂತು, ಮೀನಾಳದ್ದು ಬಾಡುತ್ತಾ ಬಂತು. ಇನ್ನೇನು ಮಾದಪ್ಪ ಕೈಬಿಟ್ಟ ಅನ್ನುವಾಗ ಸೀಟಿನ ಕೆಳಗಿನ ಕೊಳವೆಯಲ್ಲಿ...

ದೊಬ್.

"ಬಿರುಕು!" ಎಂದು ಮೀನಾ ಕೂಗಿದ ಕೂಗಿನಲ್ಲಿ ಗಾಬರಿ ಎಷ್ಟಿತ್ತೋ ಸಂಭ್ರಮವೂ ಅಷ್ಟೇ ಇತ್ತು.

"ಅಯ್ಯೋ ಬಿರುಕಲ್ಲ ಮೇಡಂ! ಸೀಟಿನ ಕಂಬಿ ಒಳಕ್ಕ ಇಳ್ದದ ಅಲ್ಲಿ. ಎಲ್ಡ್ ಪದ್ರ ಆಗದ. ಅದ್ಕ ಅಂಗ್ ಸದ್ದು ಬತ್ತದ!"

"ಅವರು ಹೇಳೋದು ಸರಿ ಮೀನಾ," ಎಂದ ಬಸವೇಶ.

"ನೀವು ಸುಮ್ನಿರಿ. ಎಲ್ರೂ ಕೇಳಲಿ," ಎಂದು ಮೀನಾ ಇನ್ನೊಮ್ಮೆ ತಟ್ಟಿದಳು. ಬೀದಿಯ ಕೊನೆಯವರಿಗೂ ಕೇಳಬೇಕಲ್ಲ, ಕೈ ಸ್ವಲ್ಪ ಜೋರಾಯಿತು.

ಈ ಸಲ ಟಕ್ಕೂ ಅನ್ನಲಿಲ್ಲ, ದೊಬ್ಬೂ ಅನ್ನಲಿಲ್ಲ. 'ಚಟ್' ಅಂದಿತು. ಹುಣಸೆಬೀಜದಷ್ಟು ಕರಿ ಬಣ್ಣದ ಚಕ್ಕೆಯೊಂದು ಹಾರಿ, ಬಸವೇಶ ಮರೆತಿದ್ದ ಕಾಫಿಯನ್ನು ಹೀರುತ್ತಿದ್ದ ನಿಂಗಯ್ಯನ ಲೋಟದೊಳಗೆ ಬಿತ್ತು.

ನಿಂಗಯ್ಯ ಲೋಟದೊಳಗೆ ಇಣುಕಿ, "ಈಗ ಒಡೀತು ಕಾಯಿ," ಎಂದ.

ರಂಗರಾಜು ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಒಳಗೆ ಹೋಗಿ ಅಗುಳಿ ಹಾಕಿಕೊಂಡ. ಬಸವೇಶ ಬಾಗಿಲ ಸಂದಿಯಲ್ಲಿ, "ಬಣ್ಣದ ಖರ್ಚು ಕೊಡ್ತೀನಿ ರಂಗರಾಜು," ಎಂದರೆ ಒಳಗಿಂದ ಗದ್ಗದ ಸ್ವರ ಬಂತು: "ದುಡ್ಡು ಬ್ಯಾಡ ಸಾ. ಈ ಜನ್ಮದಲ್ಲಿ ಇದ್ನ ನಿಮ್ ಮನಗ ಕೊಡಲ್ಲ. ಮದ್ವ ಮುರುದ್ರೂ ಸೈ. ದಯಮಾಡಿ ಓಗಿ."

ಮೀನಾ ಗೆದ್ದಿದ್ದಳು. ಆದರೆ ಗೆದ್ದವರ ಹಾಗೆ ನಿದ್ದೆ ಬರಲಿಲ್ಲ. ಬಯ್ದರೆ ತಿರುಗಿ ಬಯ್ಯಬಹುದಿತ್ತು, ಬಸವೇಶ ಬಯ್ಯಲೇ ಇಲ್ಲ. ಎರಡು ಮುದ್ದೆ ಉಣ್ಣುವವನು ಒಂದಕ್ಕೇ ಕೈ ತೊಳೆದ. ಹಳೆಯ ಸೈಕಲ್ಲಿನ ಚೈನನ್ನು ಸುಮ್ಮನೆ ಒರೆಸುತ್ತಾ ಕೂತ. ಒರೆಸಿದ್ದನ್ನೇ ಒರೆಸಿ ನಿಟ್ಟುಸಿರು ಬಿಟ್ಟ.

"ನನ್ ಮಗ ಅಂಗೇ ಬಾಡೋದ್ನಲ್ಲವ್ವಾ," ಎಂದರು ಚನ್ನಮಲ್ಲಮ್ಮ. "ಒಂದ್ ಸೈಕಲ್ಲಲ್ವ? ಕುಡ್ಯಲ್ಲ, ಇಸ್ಪೀಟ್ ಆಡಲ್ಲ."

ಹತ್ತನೇ ದಿನ ಮೀನಾಳೇ ಸೋತಳು. ಇನ್ನೊಂದನ್ನು ತಾನೇ ಹುಡುಕಿಕೊಟ್ಟು ಅಚ್ಚರಿಪಡಿಸಬೇಕೆಂದು ಜಾಹೀರಾತು ನೋಡಿ ಹನೂರಿನ ಒಬ್ಬರಿಗೆ ಫೋನ್ ಮಾಡಿದಳು.

"ಕಾರ್ಬನ್ ಸೈಕಲ್ ಇದೆಯಂತಲ್ಲ?"

"ಅದ ಮೇಡಂ, ಬನ್ನಿ. ಎಲ್ಲಿಂದ?"

"ಕೊಳ್ಳೇಗಾಲದಿಂದ. ಮೀನಾ ಅಂತ."

"...ಮಾರೋಯ್ತು ಮೇಡಂ."

ಯಳಂದೂರಿನವನು ಹೆಸರು ಕೇಳಿದ್ದೇ ಲೈನ್ ಕಟ್ ಮಾಡಿದ. ಚಾಮರಾಜನಗರದವನು ಸ್ವಲ್ಪ ಧೈರ್ಯವಂತ: "ತೋರುಸ್ತಿನಿ. ಆದ್ರ ನೀವು ಹತ್ತಡಿ ದೂರ ನಿಲ್ಬೇಕು. ಕುಟ್ಟಾಣಿ ಮನೇಲೇ ಬುಟ್ಟು ಬರ್ಬೇಕು."

ಮೀನಾಳ ಕಿವಿ ಬಿಸಿಯಾಯಿತು. ಅವಳ ಕೀರ್ತಿ ಇಡೀ ಜಿಲ್ಲೆಗೆ ಹಬ್ಬಿತ್ತು! ರಾತ್ರಿ ಊಟಕ್ಕೆ ಕೂತಾಗ ತಲೆ ತಗ್ಗಿಸಿಯೇ ಹೇಳಿದಳು: "ಹಳೇದು ಬೇಡ ಬಿಡಿ. ಹೊಸದೇ ತಗೊಳ್ಳಿ."

"ಛೆ ಛೆ, ಹೊಸದಾ? ಸಿಕ್ಕಾಪಟ್ಟೆ ದುಬಾರಿ ಕಣೇ," ಎಂದ ಬಸವೇಶ, ಮುಖ ಆಚೆ ತಿರುಗಿಸಿ.

"ಇರಲಿ. ವಾರಂಟಿ ಇರತ್ತೆ, ನಂಗೂ ನೆಮ್ಮದಿ. ವಾಷಿಂಗ್ ಮಷೀನಿಗೆ ಕೂಡಿಟ್ಟಿದ್ದನ್ನೂ ಸೇರಿಸ್ಕೊಳ್ಳಿ."

ಅಂದು ಬಸವೇಶ ಮೂರು ಮುದ್ದೆ ಉಂಡ.

ಹೊಸ ಸೈಕಲ್ಲು ಮೈಸೂರಿನಿಂದ ಬಂತು. ಚನ್ನಮಲ್ಲಮ್ಮ ಅರಿಶಿನ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಭಾನುವಾರ ಬೆಳಿಗ್ಗೆ ಬಸವೇಶ ತನ್ನ ಫೋನನ್ನು ಮೀನಾಳ ಕೈಗಿತ್ತು, "ಒಂದು ಫೋಟೋ ತೆಗೆದು ನಮ್ಮ ಸೈಕಲ್ ಬಳಗದ ಗ್ರೂಪಿಗೆ ಹಾಕಿಬಿಡು," ಎಂದ. ಮೀನಾ ಫೋಟೋ ತೆಗೆದದ್ದೇ ತಡ, ಅವನು ಫೋನನ್ನೂ ಮರೆತು ಸೈಕಲ್ಲೇರಿ ಹೊರಟ. ಗ್ರೂಪು ತೆರೆದಳು. ಎಲ್ಲಕ್ಕಿಂತ ಮೇಲೆ ಒಂದು ಸಂದೇಶವನ್ನು ಎಲ್ಲರಿಗೂ ಕಾಣುವಂತೆ ಅಂಟಿಸಲಾಗಿತ್ತು:

'ಸದಸ್ಯರ ಗಮನಕ್ಕೆ. ಕೊಳ್ಳೇಗಾಲದಿಂದ ಮೀನಾ ಎಂಬುವರು ಫೋನ್ ಮಾಡಿದರೆ ಯಾರೂ ಸೈಕಲ್ ತೋರಿಸಬಾರದು. ಕುಟ್ಟಾಣಿಯಿಂದ ಹೊಡೆಯುತ್ತಾರೆ. ಮನೆಯಲ್ಲಿ ಹೊಸದಕ್ಕೆ ಒಪ್ಪಿಗೆ ಸಿಗುವವರೆಗೆ ದಯವಿಟ್ಟು ಸಹಕರಿಸಿ. ಬಸವೇಶ, ಅಡ್ಮಿನ್.'

ಹಾಕಿದ ವೇಳೆ ನೋಡಿದಳು. ಮಾಂಬಳ್ಳಿಯ ದಿನವೇ. ಅವರು ಹತ್ತಿದ ಬಸ್ಸು ಆಗ ಇನ್ನೂ ಮಾಂಬಳ್ಳಿ ಬಿಟ್ಟಿರಲೂ ಇಲ್ಲ. ಅದರ ಕೆಳಗೆ ಅರವತ್ತೆರಡು ಹೆಬ್ಬೆರಳುಗಳು, ಮತ್ತೆ ರಂಗರಾಜುವಿನ ಉತ್ತರ: 'ಆಯ್ತು ಸಾ. ನನ್ನ ಸೈಕಲ್ಲಿಗೇನೂ ಆಗಿಲ್ಲ, ಮೇಲಿನ ಬಣ್ಣ ಅಷ್ಟೇ. ಮೇಡಮ್ಮೋರಿಗೆ ಹೇಳಬೇಡಿ.'

ಮೀನಾಳಿಗೆ ರಕ್ತ ನೆತ್ತಿಗೇರಿತು. ಬೀದಿಗೆ ನುಗ್ಗಿ, "ರೀ!" ಎಂದು ಕಿರುಚಿದಳು. ಆರು ವರ್ಷದ ದಾಂಪತ್ಯದಲ್ಲಿ ಕಲಿತ ಬೈಗುಳವೆಲ್ಲ ಗಂಟಲಲ್ಲಿ ಸಾಲುಗಟ್ಟಿ ನಿಂತಿತ್ತು. ಅಷ್ಟರಲ್ಲಿ ಬೀದಿಯ ತುದಿ ತಲುಪಿದ್ದ ಬಸವೇಶ ಹ್ಯಾಂಡಲ್ಲಿನಿಂದ ಒಂದು ಕೈ ಎತ್ತಿ ಬೀಸಿದ. ಎದುರಿಂದ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ತಿರುಗಿತು.

"ಎರಡೂ ಕೈಯಲ್ಲಿ ಹಿಡ್ಕೊಳ್ರೀ! ಎಡಗಡೆ! ಎಡಗಡೆ ಹೋಗಿ! ಇಳಿಜಾರಲ್ಲಿ ಬ್ರೇಕು..."

ಟ್ರ್ಯಾಕ್ಟರಿನ ಪಕ್ಕದಲ್ಲೇ ನುಸುಳಿ ಅವನು ಮಾಯವಾದ.

"ಇದೇನವ್ವಾ," ಚನ್ನಮಲ್ಲಮ್ಮ ಬಾಗಿಲಲ್ಲಿ ನಿಂತು ಕೇಳಿದರು, "ಬಯ್ಯಕ ಓಡೋದಂಗಿತ್ತು?"

ಅವನ ಫೋನು ಮೀನಾಳ ಕೈಯಲ್ಲೇ ಇತ್ತು. ಇನ್ನು ನಾಲ್ಕು ಗಂಟೆ ಹೊತ್ತು ಅವನನ್ನು ಬಯ್ಯಲೂ ಆಗದು, ಎಲ್ಲಿದ್ದೀರಿ ಎಂದು ಕೇಳಲೂ ಆಗದು. ಕಾಲು ಗಂಟೆ ತಡೆದಳು. ಗ್ಯಾಸ್ ನೋಡಿ ಬಂದಳು. ಮತ್ತೆ ನೋಡಿ ಬಂದಳು. ಕೊನೆಗೆ ಜಗುಲಿಯ ಮೇಲೆ ಕೂತು ಅದೇ ಗ್ರೂಪು ತೆರೆದು ಟೈಪು ಮಾಡಿದಳು:

'ಸದಸ್ಯರ ಗಮನಕ್ಕೆ. ಅಡ್ಮಿನ್ ಫೋನ್ ಬಿಟ್ಟು ಹೋಗಿದ್ದಾರೆ. ಹನೂರು ರಸ್ತೆಯಲ್ಲಿ ಯಾರಿಗಾದರೂ ಕಂಡರೆ ಕ್ಷೇಮವಾಗಿದ್ದಾರಾ ಎಂದು ದಯವಿಟ್ಟು ತಿಳಿಸಿ.'

ಯಾವ ಮೀನಾ ಎಂದು ಗೊತ್ತಾಗದೆ ಹೋದೀತೆಂದು ಕೆಳಗೆ ಸಹಿಯನ್ನೂ ಹಾಕಿದಳು: 'ಇಂತಿ, ಕುಟ್ಟಾಣಿ ಮೀನಾ.'