ಬ್ರಷ್ ನಿಷೇಧಾಜ್ಞೆ

ನನ್ನ ಹೆಂಡತಿಗೆ ಐದು ತುಂಬಿ ಆರಕ್ಕೆ ಬಿದ್ದಾಗ ನಮ್ಮ ಮನೆಯಲ್ಲಿ ಎರಡು ತೀರ್ಮಾನಗಳಾದವು. ಮೊದಲನೆಯದು, ಬಸುರಿಯ ಮಾತಿಗೆ ಯಾರೂ ಎದುರಾಡಕೂಡದು. (ತೀರ್ಮಾನಿಸಿದವಳು ಅವಳೇ.) ಎರಡನೆಯದು, ಅವಳ ಆರೋಗ್ಯದ ಸಮಸ್ತ ಉಸ್ತುವಾರಿ ನನ್ನದು. ಇದನ್ನು ತೀರ್ಮಾನಿಸಿದವನು ನಾನು. ಎಡವಟ್ಟಾಗಿದ್ದು ಅಲ್ಲೇ.

ನಾನು ಗಡಿಯಾರ ರಿಪೇರಿಯವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಸಾಸಿವೆಗಿಂತ ಸಣ್ಣ ಸ್ಕ್ರೂ ಕೂಡ ನನಗೆ ಹೆದರುತ್ತದೆ. ಅಂಥ ನನಗೆ ಒಂದು ಬೆಳಿಗ್ಗೆ ಬೇಸಿನ್ನಿನಲ್ಲಿ ಕೆಂಪಗೆ ಕಂಡು ಜೀವ ಬಾಯಿಗೆ ಬಂತು.

“ಏನೇ ಇದು, ರಕ್ತ!”

“ಒಸಡಿಂದ ರೀ. ಬ್ರಷ್ ಮಾಡಿದಾಗ ಸ್ವಲ್ಪ ಜಿನುಗುತ್ತೆ. ಹಲ್ಲಿನ ಡಾಕ್ಟರಿಗೆ ತೋರಿಸಿದ್ರಾಯ್ತು.”

“ಬಸುರೀಲಿ ಹಲ್ಲಿನ ಡಾಕ್ಟರಾ? ಬುದ್ಧಿ ನೆಟ್ಟಗಿದೆಯಾ? ಆ ಸೂಜಿ, ಆ ಗುಂಯ್‌ಗುಡೋ ಮಿಷನ್ನು… ಮಗು ಹೆದರಿಕೊಳ್ಳಲ್ವಾ?”

“ಮಗುವಾ, ನೀವಾ?”

ಇಂಥ ಪ್ರಶ್ನೆಗೆ ಉತ್ತರ ಕೊಡುವುದು ಯಜಮಾನನ ಘನತೆಗೆ ತಕ್ಕದ್ದಲ್ಲ. ಕೂಡಲೇ ಆಜ್ಞೆ ಹೊರಡಿಸಿದೆ: ಇಂದಿನಿಂದ ಬ್ರಷ್ ಬಂದ್! ಸವೆದ ಚಕ್ರವನ್ನು ಉಜ್ಜಬಾರದು ಅನ್ನೋದು ನಮ್ಮ ಕಸುಬಿನ ಪಾಠ. ಬರೀ ನೀರು ಮುಕ್ಕಳಿಸಿದರೆ ಸಾಕು. ಬ್ರಷ್ ಬೀರುವಿನೊಳಗೆ ಹೋಯಿತು, ಬೀಗದ ಕೈ ನನ್ನ ಜೇಬಿಗೆ ಬಂತು.

ಒಂದೇ ವಾರ. ಒಸಡು ಊದಿತು, ಸೇಬು ಕಚ್ಚಿದರೂ ರಕ್ತ. ಇಬ್ಬರ ಊಟ ಮಾಡಬೇಕಾದವಳು ಎರಡು ತುತ್ತಿಗೇ ತಟ್ಟೆ ಸರಿಸತೊಡಗಿದಳು. ಆಗ ನಾನು ಜೇಬಿನಲ್ಲಿದ್ದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡೆ. ನನ್ನ ಅತಿಬುದ್ಧಿಯಿಂದ ಮಗುವಿಗೇನಾದರೂ ಆದರೆ?

“ಬೀಗ ತೆಗೀರಿ, ಇಲ್ಲ ಡಾಕ್ಟರ ಹತ್ರ ನಡೀರಿ,” ಅಂದಳು.

“ಎರಡೂ ಕಣೇ, ಎರಡೂ,” ಅಂದೆ.

ಹಲ್ಲಿನ ಆಸ್ಪತ್ರೆಯ ಕೌಂಟರಿನಲ್ಲಿ ತುಂಬಿಸಲು ಒಂದು ಕಾರ್ಡು ಕೊಟ್ಟರು. ನಮ್ಮ ಅಂಗಡಿಯಲ್ಲಿ ಚೀಟಿ ಬರೆಯೋದು ರಿಪೇರಿಗೆ ತಂದವರ ಹೆಸರಿಗೆ. ಇಪ್ಪತ್ತು ವರ್ಷದ ಅಭ್ಯಾಸ ನೋಡಿ, ಕೈ ತಾನಾಗೇ ಓಡಿತು. ಹೆಸರು: ನನ್ನದು. ತೊಂದರೆ: ಒಸಡಿನಲ್ಲಿ ರಕ್ತ. ಗರ್ಭಿಣಿಯೇ: ಹೌದು, ಐದು ತುಂಬಿದೆ.

ಒಳಗಿಂದ ನನ್ನ ಹೆಸರು ಕೂಗಿದರು. ಗಂಡನ ಹತ್ತಿರ ಮೊದಲು ಸಮಾಲೋಚನೆ ಇರಬೇಕು ಅಂತ ಗತ್ತಿನಲ್ಲಿ ಹೋಗಿ, ತೋರಿಸಿದ ಕುರ್ಚಿಯಲ್ಲಿ ಕೂತೆ. ಕುರ್ಚಿ ಹಿಂದಕ್ಕೆ ವಾಲಿತು. ಡಾಕ್ಟರಮ್ಮ ಕಾರ್ಡು ನೋಡಿದರು, ನನ್ನ ಹೊಟ್ಟೆ ನೋಡಿದರು. (ಹೊಟ್ಟೆಯೂ ಕಾರ್ಡಿನ ಪರವಾಗಿಯೇ ಸಾಕ್ಷಿ ಹೇಳುತ್ತಿತ್ತು.)

“ನಿಮಗೇನಾ ಐದು ತಿಂಗಳು?”

ಬಾಗಿಲಲ್ಲಿದ್ದ ನನ್ನವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಯ್ಯೋ, ಅಲ್ಲ!” ಅಂತ ನಾನು ಬಾಯಿ ತೆರೆದೆ. ತೆರೆದದ್ದೇ ತಪ್ಪಾಯ್ತು.

“ಹಾಗೇ ಇರಿ, ಮುಚ್ಚಬೇಡಿ,” ಡಾಕ್ಟರಮ್ಮ ದೀಪ ಎಳೆದರು. “ಈ ದವಡೆ ಹಲ್ಲು ಎಷ್ಟು ದಿನದಿಂದ ನೋಯ್ತಿದೆ?”

“ನೋವೇ ಇಲ್ಲ.”

“ಸುಳ್ಳು ಡಾಕ್ಟ್ರೇ, ಎರಡು ವರ್ಷದಿಂದ ಒಂದೇ ಕಡೆ ಅಗೀತಿದಾರೆ,” ಅಂದಳು ಧರ್ಮಪತ್ನಿ.

ಬಸುರಿ ಯಾರೆಂದು ಗೊತ್ತಾದ ಮೇಲೆ ಡಾಕ್ಟರಮ್ಮ ನನ್ನನ್ನು ಎಬ್ಬಿಸಿ ಮೊದಲು ಅವಳನ್ನು ನೋಡಿದರು. “ಬಸುರೀಲಿ ಒಸಡು ಊದೋದು, ಜಿನುಗೋದು ಎಷ್ಟೋ ಜನಕ್ಕೆ ಆಗುತ್ತೆ. ಅದಕ್ಕೇ ಬ್ರಷ್ ಬಿಡಬಾರದು. ಮೆತ್ತನೆಯದು ತಗೊಂಡು ದಿನಕ್ಕೆರಡು ಸಲ ಉಜ್ಜಿ. ವಾಂತಿಯಾದ್ರೆ ನೀರು ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಬ್ರಷ್ ಮಾಡಿ. ಈಗ ಕ್ಲೀನ್ ಮಾಡ್ತೀನಿ, ಮಗುಗೇನೂ ತೊಂದರೆಯಿಲ್ಲ. ಅಲ್ಲಾ, ಬ್ರಷ್ ನಿಲ್ಲಿಸು ಅಂತ ಯಾವ ಪುಣ್ಯಾತ್ಮ ಹೇಳಿದ್ದು?”

ಪುಣ್ಯಾತ್ಮ ಗೋಡೆ ಗಡಿಯಾರ ಎಷ್ಟು ನಿಮಿಷ ಹಿಂದಿದೆ ಅಂತ ಗಾಢವಾಗಿ ಪರಿಶೀಲಿಸುತ್ತಿದ್ದ. ಮಗುವಿಗೇನಿಲ್ಲ ಅಂದದ್ದು ಕೇಳಿ ಅವನ ಕಣ್ಣು ಮಂಜಾಗಿತ್ತು, ಅದು ಬೇರೆ ಮಾತು.

ಅವಳು ಅರ್ಧ ಗಂಟೆ ಮಿಸುಕದೆ ಕೂತು ಕ್ಲೀನ್ ಮಾಡಿಸಿಕೊಂಡಳು. ಆಮೇಲೆ ನನ್ನ ಸರದಿ. ಹಲ್ಲು ಕೀಳಲೇಬೇಕಂತೆ. ಸೂಜಿ ಕಂಡಿದ್ದೇ ತಡ, ನಾನು ಕಿರುಚಿದ ಕಿರುಚಿಗೆ ಹೊರಗೆ ಕಾಯುತ್ತಿದ್ದ ಇಬ್ಬರು ಚಪ್ಪಲಿ ಹುಡುಕಿದರಂತೆ.

“ಉಸಿರು ಎಳ್ಕೊಳ್ಳಿ… ಬಿಡಿ… ನಾನಿದ್ದೀನಲ್ಲ,” ಅಂತ ನನ್ನ ಕೈ ಹಿಡಿದವಳು ತಟ್ಟನೆ, “ರೀ! ಒದೀತು! ನಿಮ್ಮ ದನಿಗೆ ಒದೀತು ರೀ!” ಅಂತ ನನ್ನ ಅಂಗೈಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಅಷ್ಟು ದಿನ ಅವಳಿಗೆ ಮಾತ್ರ ಗೊತ್ತಾಗುತ್ತಿದ್ದ ಒದೆ ನನ್ನ ಕೈಗೂ ಬಿತ್ತು! ಸಂತೋಷದಲ್ಲಿ ಹಲ್ಲು ಹೋದದ್ದೇ ಗೊತ್ತಾಗಲಿಲ್ಲ.

“ಹೆರಿಗೆ ದಿನ ಇವರನ್ನ ಒಳಗೆ ಕರ್ಕೊಂಡು ಹೋಗ್ಬೇಡಿ,” ಡಾಕ್ಟರಮ್ಮ ಕಿವಿ ಉಜ್ಜಿಕೊಳ್ಳುತ್ತಾ ಹೇಳಿದರು.

ಬಾಯಿ ತುಂಬ ಹತ್ತಿ, ನಾನು ಪ್ರತಿಭಟಿಸುವಂತಿರಲಿಲ್ಲ. ನನ್ನ ಪರವಾಗಿ ಅವಳೇ ವಾದಿಸಿದಳು.

“ಬರ್ಲಿ ಬಿಡಿ ಡಾಕ್ಟ್ರೇ. ಹೆರೋದು ನಾನು ನೋಡ್ಕೋತೀನಿ, ಕಿರುಚೋದು ಇವರು ನೋಡ್ಕೋತಾರೆ.”