ಕೊನೇ ಭಾಗಕ್ಕೆ ಎರಡನೇ ಆವೃತ್ತಿ

ಗಂಗಾವತಿಯ ಸಂಯುಕ್ತ ಪ್ರಮಾಣಪತ್ರ ಕಚೇರಿಯಲ್ಲಿ ಒಂದು ಗಣಕಯಂತ್ರವಿದ್ದು, ಸದರಿ ಯಂತ್ರದಲ್ಲಿ ಒಂದೇ ತಂತ್ರಾಂಶದ ಎರಡು ಆವೃತ್ತಿಗಳು ಎರಡು ಪ್ರತ್ಯೇಕ ಸರ್ಕಾರಿ ಆದೇಶಗಳ ಮೇರೆಗೆ ವಾಸವಾಗಿದ್ದವು. ಎರಡನೇ ಆವೃತ್ತಿ ಹೊಲದ ಪತ್ರ ಕೊಡುತ್ತಿತ್ತು, ಐದನೆಯದು ವಾಸದ ಪತ್ರ ಕೊಡುತ್ತಿತ್ತು. ಮೂರು ಮತ್ತು ನಾಲ್ಕನೇ ಆವೃತ್ತಿಗಳು ಖರೀದಿಯಾಗಿದ್ದವು, ಬಂದಿರಲಿಲ್ಲ. ಇದು 2009ನೇ ಇಸವಿಯ ಮಾತು.

ಎರಡಕ್ಕೂ ಜಾವಾ ಎಂಬ ಇನ್ನೊಂದು ತಂತ್ರಾಂಶದ ಆಸರೆ ಬೇಕು. ಹಳೆಯದಕ್ಕೆ ಹಳೇ ಜಾವಾ, ಹೊಸದಕ್ಕೆ ಹೊಸ ಜಾವಾ. ಜಾವಾ ಎಲ್ಲಿದೆ ಎಂದು ಯಂತ್ರಕ್ಕೆ ಹೇಳುವುದು ಮಾತ್ರ 'ಜಾವಾ ಹೋಮ್' ಎಂಬ ಒಂದೇ ಸಾಲು. ಆ ಸಾಲು ಹಳೆಯದರ ಕಡೆ ಕೈ ತೋರಿಸಿದರೆ ಐದನೆಯದು ಬಾಯಿ ಬಿಡುತ್ತಿರಲಿಲ್ಲ. ಹೊಸದರ ಕಡೆ ತೋರಿಸಿದರೆ ಎರಡನೆಯದು ಮುಸುಕೆಳೆದು ಮಲಗುತ್ತಿತ್ತು. ಗುತ್ತಿಗೆ ಆಪರೇಟರ್ ಗವಿಸಿದ್ದೇಶ ಬಂದವರ ಮುಖ ನೋಡಿ, ಸಾಲು ತಿದ್ದಿ, ಚಾ ಆರುವುದರೊಳಗೆ ಪತ್ರ ಕೈಗಿಡುತ್ತಿದ್ದ. ಜನ ಬೇಗ ಮನೆಗೆ ಹೋಗುತ್ತಿದ್ದರು. ಈ ಲೋಪ ಮೇಲಿನವರ ಗಮನಕ್ಕೆ ಬಂದಿರಲಿಲ್ಲ.

ಬರುವಂತೆ ಮಾಡಿಕೊಂಡವನು ಅವನೇ. ಕಾಲುವೆಯ ಕೊನೇ ಭಾಗದಲ್ಲಿರುವ ನವಲಿಯ ಭತ್ತದ ರೈತ ಪ್ರಭುರಾಜನ ಮಗಳು ಭವಾನಿ ಅವನನ್ನು ಒಪ್ಪಿದ್ದಳು, ಅವನಂತೂ ಅವಳನ್ನು ಒಪ್ಪಿ ಊಟ ನಿದ್ದೆ ಬಿಟ್ಟಿದ್ದ. ಪ್ರಭುರಾಜ ಮಾತ್ರ ಅಡಿಕೆ ಕತ್ತರಿಸಿದಂತೆ ಹೇಳಿದ್ದ: "ಹುಡುಗ ಛಲೋ ಅದಾನ, ಗುತ್ತಿಗಿ ಛಲೋ ಇಲ್ಲ. ಕಾಯಂ ಆಗಲಿ, ಅಕ್ಕಿಕಾಳ ಹಾಕಿ ಲಗ್ನ ಮಾಡೂಣು." ಹೀಗಾಗಿ ಶಿಫಾರಸು ಸಿಕ್ಕೀತೆಂಬ ಆಸೆಗೆ ಗವಿಸಿದ್ದೇಶ ತನ್ನ ಕೈಚಳಕವನ್ನು ಅಧಿಕಾರಿ ಅಮರಪ್ಪನವರ ಮುಂದೆ ಬಿಚ್ಚಿಟ್ಟ.

"ದಿನಕ್ಕ ಎಷ್ಟ ಸಲ ಬದಲಿ ಮಾಡ್ತಿ?" ಎಂದರು ಅಮರಪ್ಪ.

"ಬೇಕಾದಾಗೆಲ್ಲ ಮಾಡ್ತೀನ್ರಿ ಸಾಹೇಬ್ರ."

"ಯಾರ ಆದೇಶದ ಮ್ಯಾಲ?"

ಗವಿಸಿದ್ದೇಶ ಆದೇಶವಿಲ್ಲದೆ ಸರ್ಕಾರಿ ಸಾಲನ್ನು ಮನೆಯ ಬಾಗಿಲಿನಂತೆ ತೆರೆದು ಮುಚ್ಚಿದ್ದಾನೆಂದು ಅಂದೇ ಕಡತ ಹುಟ್ಟಿತು, ಕಡತಕ್ಕೆ ಸಮಿತಿ ಹುಟ್ಟಿತು. ಒಂದೇ ಮೂಲ, ಎರಡು ಕಡೆಯಿಂದ ಬೇಡಿಕೆ. ಕಾಲುವೆ ಬಂದ ಮೇಲೆ ಈ ಸೀಮೆಯಲ್ಲಿ ಇಂಥ ವ್ಯಾಜ್ಯಕ್ಕೆ ಒಂದೇ ಪರಿಹಾರ: ಸರದಿಯಂತೆ ಬಿಡುವ ಪಾಳಿ. ಸಮಿತಿಯು ತಜ್ಞರೆಂದು ಹೊನ್ನೂರಪ್ಪನನ್ನು ಕರೆಸಿತು. ಅವನು ಕಾಲುವೆಯ ತೂಬು ತೆರೆದು ಮುಚ್ಚುವ ಸೌಡಿಯಾಗಿ ನಿವೃತ್ತನಾದವನು.

ಹೊನ್ನೂರಪ್ಪ ಯಂತ್ರಕ್ಕೆ ಒಂದು ಸುತ್ತು ಹಾಕಿದ. ಹಿಂದೆ ಬಗ್ಗಿ, ವೈರು ಎಲ್ಲಿಂದ ಬರುತ್ತದೆಂದು ನೋಡಿದ.

"ತೂಬು ಎಲ್ಲೈತಿ?"

ಗವಿಸಿದ್ದೇಶ ಸಾಲು ತೋರಿಸಿದ.

"ಇದರಾಗ ಮೇಲಿನವ್ರು ಯಾರು, ಕೊನೇ ಭಾಗದವ್ರು ಯಾರು?"

"ಐದನೇದು ಹೊಸದೈತ್ರಿ."

ಹೊನ್ನೂರಪ್ಪ ಒಮ್ಮೆ ಕಿಟಕಿಯಾಚೆಗೆ, ಆಕಾಶದ ಕಡೆ ನೋಡಿದ. "ಹಂಗಾರ ಅದ ಮೇಲಿಂದು. ಅದಕ್ಕ ನಾಕ ದಿನ. ಎರಡನೇದಕ್ಕ ಎರಡ ದಿನ, ಉಳದ್ರ."

ಸಮಿತಿ ತಲೆದೂಗಿತು. ಮರುದಿನ ಗೋಡೆಯ ಮೇಲೆ ಪ್ರಕಟಣೆ ಬಿತ್ತು:

"ಸಾರ್ವಜನಿಕರ ಗಮನಕ್ಕೆ. ಸೋಮವಾರದಿಂದ ಗುರುವಾರದವರೆಗೆ ಐದನೇ ಆವೃತ್ತಿಯನ್ನು, ಶುಕ್ರವಾರ ಮತ್ತು ಶನಿವಾರ ಲಭ್ಯತೆಗೆ ಒಳಪಟ್ಟು ಎರಡನೇ ಆವೃತ್ತಿಯನ್ನು ಹರಿಸಲಾಗುವುದು. ಅನಧಿಕೃತವಾಗಿ ಸಾಲು ತಿರುಗಿಸುವವರ ಮೇಲೆ ಕ್ರಮ ಜರುಗಿಸಲಾಗುವುದು. ಪಂಪಸೆಟ್ ಹಚ್ಚುವುದನ್ನು ನಿಷೇಧಿಸಿದೆ."

ಪಂಪಸೆಟ್ಟಿನ ವಾಕ್ಯ ನೀರಾವರಿಯವರ ಹಳೇ ಮಾದರಿಯಿಂದ ಬಂದದ್ದು. ತೆಗೆಯಲು ಬೇರೆ ಸಮಿತಿ ಬೇಕಾಗುತ್ತಿತ್ತು, ಬಿಟ್ಟರು. ಕೀಲಿಮಣೆಯನ್ನು ದಿನಾ ಸಂಜೆ ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಜಡಿಯುವುದೆಂದೂ ಬೀಗದ ಕೈ ಹೊನ್ನೂರಪ್ಪನ ಬಳಿ ಇರತಕ್ಕದ್ದೆಂದೂ ಆಯಿತು. ಮೊದಲ ಶುಕ್ರವಾರ ಅಮರಪ್ಪನವರು ಸಕುಟುಂಬವಾಗಿ ಬಂದು ಯಂತ್ರಕ್ಕೆ ಅರಿಷಿಣ, ಕುಂಕುಮ, ಹಸಿರು ಬಳೆಯ ಬಾಗಿನ ಅರ್ಪಿಸಿ ಕಾಯಿ ಒಡೆದರು. ಗವಿಸಿದ್ದೇಶ ಸಾಲು ತಿರುಗಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ಕೆಲವರು ಚುರುಮುರಿ ತೂರಿದರು.

ಜನ ಒಬ್ಬರೂ ಹುಬ್ಬೇರಿಸಲಿಲ್ಲ. ಪಾಳಿ ಅವರಿಗೆ ಹೊಸದೇ? ಚಾದಂಗಡಿಯಲ್ಲಿ "ಇವತ್ತ ಯಾವುದ ಬಿಟ್ಟಾರಪಾ?" ಎಂದು ಕೇಳಿ ಆಮೇಲೆ ಕಚೇರಿ ಹತ್ತತೊಡಗಿದರು. ಕಾಲುವೆಯ ಮೇಲಿನ ಊರವರು ಬೇಕೋ ಬ್ಯಾಡೋ ಐದನೆಯದನ್ನು ಎಳೆದುಕೊಂಡರು. ಒಂದೇ ಮನೆಗೆ ಮೂರು ನಾಲ್ಕು ವಾಸದ ಪತ್ರ ಮಾಡಿಸಿ ಟ್ರಂಕಿನಲ್ಲಿಟ್ಟರು. ಒಂದು ಜವಾರಿ ಕೋಳಿ ಕೊಟ್ಟರೆ ಹೊನ್ನೂರಪ್ಪ ಶುಕ್ರವಾರವೂ ಅರ್ಧ ತಾಸು ಐದನೆಯದನ್ನೇ ಬಿಡಿಸುತ್ತಾನೆಂಬ ಸುದ್ದಿಯೂ ಹಬ್ಬಿತು, ಆ ವರ್ಷ ಕೋಳಿಗಳು ಅಗ್ಗವಾಗಿ ಸಿಗಲಿಲ್ಲ. ಗುರುವಾರದ ಸರದಿ ಶನಿವಾರ ಸಂಜೆಗೆ ಮುಗಿಯುತ್ತಿತ್ತು. ನವಲಿಗೆ ಎರಡನೇ ಆವೃತ್ತಿಯ ತೇವವೂ ಮುಟ್ಟಲಿಲ್ಲ.

ನವಲಿಯವರು ಟ್ರ್ಯಾಕ್ಟರ್ ಹತ್ತಿ ಬಂದರು. ಹಸಿರು ಶಾಲು ಹೊದ್ದ ಪ್ರಭುರಾಜ ಮುಂದೆ. ಕೊನೇ ಭಾಗಕ್ಕೆ ಎರಡನೇ ಆವೃತ್ತಿ ಹರಿಸಬೇಕೆಂದು ಕೂಗಿ ಬಿಸಿಲಲ್ಲೇ ಕುಂತರು. ಅಮರಪ್ಪನವರು ಹೊರಬಂದು ಎರಡು ಭರವಸೆ ಕೊಟ್ಟರು. ಗಣಕಯಂತ್ರದಿಂದ ನವಲಿಯವರೆಗೆ ಸಿಮೆಂಟ್ ಹಾಸುವ ಅಂದಾಜು ಪಟ್ಟಿ ಸಲ್ಲಿಸಲಾಗಿದೆ. ಪಾಳಿ ನಡೆಸಲು 'ಆವೃತ್ತಿ ಸೌಡಿ' ಎಂಬ ಕಾಯಂ ಹುದ್ದೆ ಮಂಜೂರಾಗಿದೆ. ರೈತರು ಸಮಾಧಾನದಿಂದ ಮಜ್ಜಿಗೆ ಕುಡಿದು ಹೋದರು.

ಮಾವನಾಗಬೇಕಾದವನು ಬಿಸಿಲಲ್ಲಿ ಕುಂತದ್ದು ನೋಡಿದ ಗವಿಸಿದ್ದೇಶ ಮತ್ತೆ ಯಂತ್ರದ ಮುಂದೆ ಕುಂತ. ಎಲ್ಲರಿಗೂ ಒಂದೇ ಸಾಲು ಯಾಕಿರಬೇಕು ಎಂದು ಅವನಿಗೆ ಆಗ ಹೊಳೆಯಿತು. ಒಂದೊಂದು ಆವೃತ್ತಿಗೂ ಅದನ್ನು ಎಬ್ಬಿಸುವ ಚಿಕ್ಕ ಕಡತ ಮಾಡಿ, ಒಳಗೆ ಅದರದಷ್ಟೇ ಜಾವಾದ ವಿಳಾಸ ಬರೆದ. ಎರಡೂ ಅಕ್ಕಪಕ್ಕ ತೆರೆದುಕೊಂಡವು. ಕುಣಿಯುತ್ತ ಹೋಗಿ ಅಮರಪ್ಪನವರನ್ನೂ ಹೊನ್ನೂರಪ್ಪನನ್ನೂ ಕರೆತಂದ.

ಅಮರಪ್ಪನವರು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಬಾಗಿಲು ಹಾಕಿದರು.

"ಎರಡೂ ಒಮ್ಮೆ ನಡದಾವ."

"ಹೌದ್ರಿ ಸಾಹೇಬ್ರ. ಇನ್ನ ಪಾಳಿ ಬ್ಯಾಡ್ರಿ."

"ಸೌಡಿ ಹುದ್ದೆ ಮಂಜೂರಾಗಿದ್ದು ಯಾತಕ್ಕ?"

"ಪಾಳಿ ನಡಸಾಕ್ರಿ."

"ಅದಕ್ಕ ನಿನ್ನ ಹೆಸರು ಬರದು ಕಳಿಸೀನಿ. ಪಾಳಿನ ಇಲ್ಲಂದ್ರ?"

ಹೊನ್ನೂರಪ್ಪ ಗವಿಸಿದ್ದೇಶನ ಹೆಗಲ ಮೇಲೆ ಕೈಯಿಟ್ಟು ಮೆತ್ತಗೆ ಹೇಳಿದ: "ತಮ್ಮಾ, ನೀರು ಎಲ್ಲಾರಿಗೂ ಒಮ್ಮೆ ಮುಟ್ಟಿದ್ರ ಸೌಡಿಗೆ ಯಾರ ಶರಣು ಮಾಡ್ತಾರ?"

ಗವಿಸಿದ್ದೇಶ ಎರಡೂ ಕಡತ ಅಳಿಸಿದ. ಅದು ಎಷ್ಟು ಸಲೀಸಾಯಿತೆಂದರೆ ಅವನಿಗೇ ಸ್ವಲ್ಪ ಹೆದರಿಕೆಯಾಯಿತು.

ಆದೇಶ ಬಂತು, ನವಲಿಯಲ್ಲಿ ಅಕ್ಕಿಕಾಳು ಬಿತ್ತು. ಮದುಮಕ್ಕಳು ಊಟಕ್ಕೆ ಕುಂತಾಗ ಭವಾನಿ ತಗ್ಗಿದ ದನಿಯಲ್ಲಿ ಕೇಳಿದಳು, "ಎರಡೂ ಒಮ್ಮೆ ತೆರೀತಾವ ಅಂತ ಫೋನಿನ್ಯಾಗ ಹೇಳಿದ್ರಲ್ಲ?"

"ತೆರೀತಿದ್ದವು."

"ಈಗ?"

"ಈಗ ಕಾಯಂ ಆಗೀನಿ."

ಭವಾನಿ ತುಟಿ ಬಿಗಿಹಿಡಿದು ನಕ್ಕಳು. ಅಷ್ಟರಲ್ಲಿ ಪ್ರಭುರಾಜ ತುಪ್ಪದ ಗಿಂಡಿ ಹಿಡಿದು ಬಂದ, ಮಾದಲಿಯ ಮೇಲೆ ಸುರಿಯುತ್ತ ಸಂಕೋಚದಿಂದ ಬಗ್ಗಿದ.

"ಅಳಿಯಂದ್ರ, ಹೊಲದ ಪತ್ರಕ್ಕ ಓಡ್ಯಾಡಿ ಚಪ್ಪಲಿ ಸವದಾವು. ನವಲಿಗೆ ಎರಡನೇದು ಯಾವಾಗ ಬಿಡ್ತೀರಿ?"

ಗವಿಸಿದ್ದೇಶ ಕೈ ತಡೆದ. ಹೊನ್ನೂರಪ್ಪನ ಹಾಗೆಯೇ ಒಮ್ಮೆ ಚಪ್ಪರದಾಚೆಗೆ, ಆಕಾಶದ ಕಡೆ ನೋಡಿದ.

"ಮೇಲಿನವರದು ಮುಗೀಲಿ, ಮಾವಾರ. ನೋಡೂಣು."

ಪ್ರಭುರಾಜನ ಕಣ್ಣು ಸಂತೋಷಕ್ಕೆ ಒದ್ದೆಯಾದವು. ಬೀಗರ ಕಡೆ ತಿರುಗಿ, "ಕೇಳಿದ್ರಿಲ್ಲ? ಖರೇನ ಕಾಯಂ ಅದಾನ," ಎಂದು ಹೇಳಿ, ಅಳಿಯನ ಎಲೆಗೆ ಇನ್ನಷ್ಟು ತುಪ್ಪ ಸುರಿದ.